ಐದು ಸೆಲ್ಲಿನ ಬ್ಯಾಟರಿ

ಅಮರೇಗೌಡನ ಲ್ಯಾಂಪನ್ನು ಹನ್ನೊಂದು ವರ್ಷ ನಾನೇ ಒರೆಸಿ ಕೊಟ್ಟಿದ್ದೇನೆ. ಗಾಜಿನ ಮೇಲೆ ಒಂದು ಬೆರಳಚ್ಚು ಉಳಿಯದಂತೆ, ಚಾರ್ಜು ಒಂದು ಗೆರೆ ಕಡಿಮೆಯಾಗದಂತೆ. ನನ್ನ ಗಂಡನ ಸಾವಿಗೆ ಕಾರಣನಾದವನಿಗೆ ಅಷ್ಟು ಮುತುವರ್ಜಿ ಯಾಕೆ ಎಂದು ನೀವು ಕೇಳಬಹುದು. ಅವನು ಕತ್ತಲಲ್ಲಿ ಎಡವಿ ಬಿದ್ದು ಸುಮ್ಮನೆ ಸತ್ತುಹೋಗಿದ್ದರೆ ನನಗೆ ಸಿಗುತ್ತಿದ್ದುದಾದರೂ ಏನು? ಅವನು ಬದುಕಿರಬೇಕಿತ್ತು, ಅವನ ಕಣ್ಣು ನೆಟ್ಟಗಿರಬೇಕಿತ್ತು. ಎಂದಾದರೂ ಒಂದು ದಿನ ಅವನಿಗೆ ಏನನ್ನೋ ತೋರಿಸುತ್ತೇನೆ ಎಂಬ ಹಟ ನನಗಿತ್ತು. ಏನನ್ನು ಎಂಬುದು ಮಾತ್ರ ಬಹಳ ದಿನ ಗೊತ್ತಿರಲಿಲ್ಲ.

ನಾನು ಹುಲಿಗೆಮ್ಮ. ಹೊನ್ನಗುಡ್ಡ ಚಿನ್ನದ ಗಣಿಯ ಲ್ಯಾಂಪ್ ರೂಮಿನಲ್ಲಿ ಕೆಲಸ. ಕೆಳಗಿಳಿಯುವ ಪ್ರತಿಯೊಬ್ಬನೂ ನನ್ನ ಕಿಟಕಿಗೆ ಬಂದು ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ಕೊಟ್ಟು, ಟೋಪಿಗೆ ಸಿಕ್ಕಿಸುವ ಲ್ಯಾಂಪು ಒಯ್ಯಬೇಕು. ಮೇಲೆ ಬಂದಾಗ ಲ್ಯಾಂಪು ಕೊಟ್ಟು ಬಿಲ್ಲೆ ವಾಪಸು ತೆಗೆದುಕೊಳ್ಳಬೇಕು. ಕೊಕ್ಕೆಯಲ್ಲಿ ಬಿಲ್ಲೆ ಉಳಿದಿದೆ ಎಂದರೆ ಆ ಮನುಷ್ಯ ಇನ್ನೂ ನೆಲದ ಕೆಳಗಿದ್ದಾನೆ ಎಂದರ್ಥ. ಇನ್ನೂರ ಹದಿನಾಲ್ಕನೇ ಕೊಕ್ಕೆಯಲ್ಲಿ ಒಂದು ಬಿಲ್ಲೆ ಹನ್ನೊಂದು ವರ್ಷದಿಂದ ನೇತಾಡುತ್ತಿದೆ. ಕೆಳಗೆ ಸತ್ತವನ ನಂಬರನ್ನು ನಮ್ಮಲ್ಲಿ ಬೇರೆಯವರಿಗೆ ಕೊಡುವುದಿಲ್ಲ. ಅದು ನನ್ನ ಗಂಡ ದುರ್ಗಪ್ಪನ ನಂಬರು.

ಅವನು ಸತ್ತದ್ದು ಹದಿನಾಲ್ಕನೇ ಲೆವೆಲ್ಲಿನಲ್ಲಿ, ಅಂದರೆ ನೆಲದಡಿಯ ಹದಿನಾಲ್ಕನೇ ಅಂತಸ್ತಿನಲ್ಲಿ. ಅಲ್ಲಿ ಮುಖ್ಯ ಸುರಂಗದಿಂದ ಒಂದು ಅಡ್ಡ ಸುರಂಗ ಒಳಗೆ ಹೋಗುತ್ತದೆ. ಅದರೊಳಗೆ ಬಂಡೆ ಸಿಡಿಸುವ ಮುನ್ನ, ಯಾರೂ ಒಳಗೆ ಹೋಗದಂತೆ, ಬಾಯಿಗೆ ಅಡ್ಡಲಾಗಿ ಈ ಕೊಂಡಿಯಿಂದ ಆ ಕೊಂಡಿಗೆ ಒಂದು ಸರಪಳಿ ಬಿಗಿಯಬೇಕು. ಬಿಗಿಯುವುದು ಫೋರ್‌ಮನ್ ಕೆಲಸ. ತನ್ನ ಕಣ್ಣಿಂದ ನೋಡಿ ಬಂದ ಮೇಲೆಯೇ ಅವನು ಮದ್ದು ಸಿಡಿಸುವ ಪೆಟ್ಟಿಗೆಯ ಕೀಲಿ ತಿರುಗಿಸಬೇಕು. ಆಗ ಫೋರ್‌ಮನ್ ಆಗಿದ್ದವನು ಅಮರೇಗೌಡ. 'ಸರಪಳಿಯನ್ನು ನಾನೇ ಕೈಯಾರೆ ಬಿಗಿದಿದ್ದೆ, ದುರ್ಗಪ್ಪ ಅದನ್ನು ದಾಟಿ ಒಳಗೆ ಹೋಗಿದ್ದ' ಎಂದು ಅವನು ಬರೆದುಕೊಟ್ಟ. ಮೊದಲು ಅಲ್ಲಿ ತಲುಪಿದವನು ಅವನೇ ಆದ್ದರಿಂದ ಹೆಣ ಎಲ್ಲಿತ್ತು, ಸರಪಳಿ ಹೇಗಿತ್ತು ಎಂಬುದಕ್ಕೆಲ್ಲ ಅವನ ಮಾತೇ ಸಾಕ್ಷಿಯಾಯಿತು. ಮರುದಿನವೇ ಆ ಲೆವೆಲ್ಲಿಗೆ ಇಟ್ಟಿಗೆ ಗೋಡೆ ಕಟ್ಟಿ ಮುಚ್ಚಿದರು.

ಸಿಡಿತದ ಹೊತ್ತಿನಲ್ಲಿ ಸರಪಳಿ ದಾಟಿ ಒಳಗೆ ಹೋಗುವವನು ಯಾಕೆ ಹೋಗುತ್ತಾನೆ? ಚಿನ್ನ ಹೆಚ್ಚಿರುವ ಕಲ್ಲು ಕದಿಯಲು. ಹೀಗೆಂದು ಯಾರೂ ಬರೆಯಲಿಲ್ಲ, ಎಲ್ಲರೂ ಆಡಿಕೊಂಡರು. ನಮ್ಮ ಕ್ವಾರ್ಟರ್ಸ್ ಸಾಲಿನಲ್ಲಿ ನನ್ನ ಅತ್ತೆ ಅಂಬಮ್ಮನ ಮೊಸರಿಗೆ ಹೆಸರಿತ್ತು. ಸಂಜೆಯಾದರೆ ನಾಲ್ಕು ಮನೆಯವರು ಬಟ್ಟಲು ಹಿಡಿದು ಹೆಪ್ಪಿಗೆ ಬರುತ್ತಿದ್ದರು. ಆ ವಾರದಿಂದ ಒಂದು ಬಟ್ಟಲೂ ಬರಲಿಲ್ಲ. ಕಳ್ಳನ ಮನೆಯ ಹೆಪ್ಪು ಯಾರಿಗೆ ಬೇಕು? ಆದರೂ ಸಂಜೆ ಆ ಹೊತ್ತಿಗೆ ಸರಿಯಾಗಿ ಬಾಗಿಲ ಬಳಿ ಕೂರುವುದನ್ನು ಅತ್ತೆ ಬಿಡಲಿಲ್ಲ.

ಇಷ್ಟು ವರ್ಷದ ಮೇಲೆ ನಮ್ಮ ಗಣಿಯ ಪ್ರಯೋಗಾಲಯಕ್ಕೆ ತಬಸ್ಸುಮ್ ಮೇಡಂ ಬಂದರು. ಕಲ್ಲುಗಳ ವಯಸ್ಸು ಕಂಡುಹಿಡಿಯುವವರು. ಅವರ ಯಂತ್ರದ ದೀಪ ಸುಟ್ಟುಹೋಗಿ, ರಿಪೇರಿಗೆ ನನ್ನನ್ನು ಕರೆಸಿದರು. ಮಂದ ಕೆಂಪು ದೀಪವಿದ್ದ ಕತ್ತಲೆ ಕೋಣೆಯಲ್ಲಿ ಕೂತು ನಾನು ತಂತಿ ಬೆಸೆಯುತ್ತಿದ್ದೆ.

"ಈ ಕತ್ತಲಿ ಯಾಕ್ರಿ ಮೇಡಂ?" ಎಂದೆ.

"ಬಿಳಿಕಲ್ಲು ಬೆಳಕು ಕಾಣಬಾರದು ನೋಡ್ರಿ. ನೆಲದೊಳಗ ಸಾವಿರಾರು ವರ್ಷ ಕುಂತ ಕಲ್ಲು ಸುತ್ತಲಿನ ಮಣ್ಣಿನಿಂದ ಸ್ವಲ್ಪ ಸ್ವಲ್ಪ ಶಕ್ತಿ ಹೀರಿಕೊಂಡು ಒಳಗ ಕೂಡಿಟ್ಟುಕೊಂಡಿರತದ. ಒಮ್ಮೆ ಜೋರು ಬೆಳಕು ಬಿತ್ತು ಅಂದ್ರ ಅದನ್ನೆಲ್ಲ ಹೊರಗ ಚೆಲ್ಲಿ ಖಾಲಿ ಆಗತದ."

ದೀಪ ಸರಿಯಾದ ಮೇಲೆ ಅವರು ಒಂದು ಆಟ ತೋರಿಸಿದರು. ಆಗಷ್ಟೇ ಒಡೆದ ಬಿಳಿಕಲ್ಲಿನ ಹಲಗೆಯ ಮೇಲೆ ತಮ್ಮ ಅಂಗೈ ಇಟ್ಟು ಮೇಲಿನಿಂದ ಪ್ರಖರ ಬೆಳಕು ಬಿಟ್ಟರು. ಕೈ ತೆಗೆದು, ಅದೇ ಬೆಳಕನ್ನು ಇನ್ನೊಮ್ಮೆ ರಪ್ಪನೆ ಬಿಟ್ಟು ಆರಿಸಿದರು. ಕತ್ತಲಲ್ಲಿ ಕಲ್ಲಿನ ಮೇಲೆ ಐದು ಬೆರಳಿನ ಒಂದು ನೀಲಿ ಕೈ ಹೊಳೆಯಿತು. ಹತ್ತು ಎಣಿಸುವಷ್ಟರಲ್ಲಿ ಮಾಯವಾಯಿತು.

"ಸುತ್ತಲಿನ ಕಲ್ಲು ಮೊದಲನೇ ಸಲನೇ ಖಾಲಿ ಆಗಿತ್ತು. ಕೈ ಅಡ್ಡ ಇದ್ದಲ್ಲಿ ಉಳಿದಿತ್ತು, ಅದು ಈಗ ಹೊಳೀತು" ಎಂದರು. "ಇನ್ನ ಅದೂ ಹೋತು. ಒಮ್ಮೆ ಓದಿದ್ರ ಅಳಿಸಿಹೋಗತದ."

ನನ್ನ ಕೈಯಲ್ಲಿದ್ದ ಇಕ್ಕಳ ಕೆಳಗೆ ಬಿತ್ತು. ಹದಿನಾಲ್ಕನೇ ಲೆವೆಲ್ಲಿನಲ್ಲಿ ಅಡ್ಡ ಸುರಂಗದ ಬಾಯಿಗೆ ಎದುರಾಗಿ ಇರುವ ಗೋಡೆ ಪೂರ್ತಿ ಬಿಳಿಕಲ್ಲು ಎಂದು ದುರ್ಗಪ್ಪ ನೂರು ಸಲ ಹೇಳಿದ್ದ.

"ಮೇಡಂ, ಬಂಡಿ ಸಿಡಿದಾಗ ಬೆಳಕು ಬರತೈತಲ್ಲ. ಅದಕ್ಕೂ ಹಿಂಗ ಆಗತೈತೇನ್ರಿ?"

ಅವರು ಕಲ್ಲಿನ ಹಲಗೆ ಬದಿಗಿಟ್ಟು ನನ್ನ ಕಡೆ ತಿರುಗಿದರು. ನನ್ನ ಕಥೆ ಅವರಿಗೂ ಯಾರೋ ಹೇಳಿದ್ದರು ಅಂತ ಕಾಣುತ್ತದೆ. "ಆಗತದ. ಬೆಳಕು ಮೊದಲು ಗೋಡಿಗೆ ಮುಟ್ಟತದ, ಕಲ್ಲು ಆಮ್ಯಾಲ ಬಂದು ಬಡೀತದ. ನಡುವ ಏನು ನಿಂತಿತ್ತೋ ಅದರ ನೆರಳು ಗೋಡಿಯೊಳಗ ಉಳೀತದ. ಆದರ ಅಲ್ಲಿ ಒಂದು ಸಾದಾ ದೀಪ ನಾಲ್ಕು ದಿನ ಉರಿದ್ರೂ ಮುಗೀತು, ಅದು ಯಾರಿಗೂ ಕಾಣದಂಗ ಸೋರಿಹೋಗತದ. ಅಷ್ಟು ದೊಡ್ಡ ಗೋಡಿ ಓದಬೇಕಂದ್ರ ಒಂದೇ ಏಟಿಗೆ ಭಾರಿ ಬೆಳಕು ಬೇಕು. ಅಂಥ ದೀಪ ನನ್ನ ಹತ್ರ ಇಲ್ಲ."

ನನ್ನ ಹತ್ತಿರವೂ ಇರಲಿಲ್ಲ. ಆದರೆ ಅದೇ ತಿಂಗಳು ಹದಿನಾಲ್ಕನೇ ಲೆವೆಲ್ಲಿನ ಇಟ್ಟಿಗೆ ಗೋಡೆ ಒಡೆದು ಮತ್ತೆ ಕೆಲಸ ಶುರು ಮಾಡುವುದೆಂದು ನೋಟಿಸು ಅಂಟಿಸಿದರು. ಸುರಕ್ಷತಾ ಸಪ್ತಾಹದ ಮೊದಲ ದಿನ ಉದ್ಘಾಟನೆ, ಮರುದಿನ ಟ್ಯೂಬ್‌ಲೈಟು. ಉದ್ಘಾಟನೆಯ ಉಸ್ತುವಾರಿ ಸುರಕ್ಷತಾ ಅಧಿಕಾರಿಯದು. ಫೋರ್‌ಮನ್ ಆಗಿದ್ದ ಅಮರೇಗೌಡ ಈಗ ಅದೇ ಕುರ್ಚಿಯಲ್ಲಿದ್ದ. ನಗಬೇಕೆನಿಸಿದರೆ ನಕ್ಕುಬಿಡಿ, ನನಗಂತೂ ಮೈಯೆಲ್ಲ ಉರಿಯಿತು. ನನಗೆ ಉಳಿದದ್ದು ಇಪ್ಪತ್ತೆರಡು ದಿನ.

ದುರ್ಗಪ್ಪನದೊಂದು ಹಳೆಯ ಟಾರ್ಚು ಮನೆಯಲ್ಲಿತ್ತು. ನಮ್ಮ ಕಡೆ ಅದಕ್ಕೆ ಬ್ಯಾಟರಿ ಎನ್ನುತ್ತಾರೆ. ಐದು ಸೆಲ್ಲಿನದು, ಹಿತ್ತಾಳೆಯದು, ಮೊಣಕೈಯಿಂದ ಬೆರಳ ತುದಿಯಷ್ಟು ಉದ್ದ. ಟೋಪಿಯ ಲ್ಯಾಂಪು ನಂಬದ ಮನುಷ್ಯ ಅವನು. ಅದನ್ನು ಹಗ್ಗದಲ್ಲಿ ಸೊಂಟಕ್ಕೆ ಇಳಿಬಿಟ್ಟುಕೊಂಡೇ ಕೆಳಗಿಳಿಯುತ್ತಿದ್ದ. ಹೆಣದ ಜೊತೆ ಅದೂ ಮೇಲೆ ಬಂದಿತ್ತು, ಬೆನ್ನಿಗೊಂದು ತಗ್ಗು ಬಿದ್ದಿತ್ತು. ಹೊಸ ದೀಪ ಕೊಳ್ಳುವ ಯೋಚನೆ ನನಗೆ ಬರಲೇ ಇಲ್ಲ. ಬೆಳಕು ಬೀಳುವುದಾದರೆ ಇದರಿಂದಲೇ ಬೀಳಬೇಕಿತ್ತು.

ಮೊದಲು ಅದರ ಬಲ್ಬು ಕಿತ್ತೆ. ಕೆಟ್ಟುಹೋದ ಟೋಪಿ ಲ್ಯಾಂಪುಗಳಿಂದ ಎಲ್ಇಡಿ ಚುಕ್ಕೆಗಳನ್ನು ಬಿಡಿಸಿ ಮೂವತ್ತಾರನ್ನು ಒಂದು ಬಿಲ್ಲೆಯಷ್ಟು ಜಾಗದಲ್ಲಿ ಕೂರಿಸಿದೆ. ಸೆಲ್ಲುಗಳ ಜಾಗಕ್ಕೆ ಅದೇ ಲ್ಯಾಂಪುಗಳ ಲಿಥಿಯಂ ಸೆಲ್ಲು ಹಾಕಿದೆ. ಆದರೆ ಸೆಲ್ಲು ಒಂದೇ ಸಲಕ್ಕೆ ಅಷ್ಟು ಶಕ್ತಿ ಕೊಡಲಾರದು. ನಿಧಾನವಾಗಿ ತುಂಬಿಕೊಂಡು ಒಮ್ಮೆಲೇ ಸುರಿಯುವ ಕೆಪಾಸಿಟರ್ ಬೇಕಿತ್ತು. ಗುಜರಿಗೆ ಹಾಕಿದ್ದ ಸಿಡಿತದ ಪೆಟ್ಟಿಗೆಯೊಂದನ್ನು ಬಿಚ್ಚಿದೆ. ಗೌಡ ಅಂದು ಕೀಲಿ ತಿರುಗಿಸಿದ್ದು ಇಂಥದ್ದೇ ಪೆಟ್ಟಿಗೆಗೆ. ಅದರ ಕೆಪಾಸಿಟರುಗಳು ಬ್ಯಾಟರಿಯ ಹೊಟ್ಟೆಯಲ್ಲಿ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತವು.

ಮೊದಲ ಸಲ ಅಡುಗೆಮನೆಯಲ್ಲಿ ಗುಂಡಿ ಒತ್ತಿದೆ. ಟಪ್ ಎಂದು ಸದ್ದಾಗಿ ಬೆಸುಗೆ ಕರಗಿ, ಮೂವತ್ತಾರು ಚುಕ್ಕೆಯೂ ಸುಟ್ಟು ಹೊಗೆ ಬಂತು. ರೊಟ್ಟಿ ಬಡಿಯುತ್ತಿದ್ದ ಅತ್ತೆ ಮೂಗು ಮುಚ್ಚಿಕೊಂಡಳು.

"ಏನ ಸುಡಾಕತ್ತೀ ಹುಲಿಗಿ?"

"ಕಾವು ತಡಿಯವಲ್ದು ಅತ್ತಿ. ಕೆಳಗ ದಪ್ಪನ ತಾಮ್ರ ಇದ್ದಿದ್ರ ಕಾವು ಅದಕ್ಕ ಇಳೀತಿತ್ತು."

ಯಾಕೆ, ಏನು ಎಂದೆಲ್ಲ ಆ ದಿನ ಅವಳಿಗೆ ಹೇಳಿದೆ. ಅವಳು ಕೇಳುತ್ತಲೇ ರೊಟ್ಟಿ ಹಂಚಿನ ಮೇಲೆ ಹಾಕಿ ಬೇಯಿಸಿದಳು. ಆಮೇಲೆ ಎದ್ದು ಹೋಗಿ ದೇವರ ಮುಂದಿನ ತಾಮ್ರದ ಚೊಂಬು ತಂದು ನನ್ನ ಮುಂದೆ ಕುಕ್ಕಿದಳು. ಅವಳ ತವರಿನ ಚೊಂಬು ಅದು.

"ಇದರ ತಳ ಕೊಯ್ಕೊ."

"ಅತ್ತಿ, ದೇವರದು."

"ಹನ್ನೊಂದು ವರ್ಷ ದಿನಾ ಕೈ ಮುಗದೀನಿ, ದೇವರು ಒಂದು ಮಾತು ಆಡಿಲ್ಲ. ಚೊಂಬರ ಉಪಯೋಗಕ್ಕ ಬರ್ಲಿ. ಆ ಗೌಡನ ಮುಖ ಹೆಂಗಾತು ಅಂತ ನನಗ ಬಂದು ಹೇಳಬೇಕ್ ನೀ. ಒಂದೂ ಬಿಡದಂಗ ಹೇಳಬೇಕು."

ಚೊಂಬಿನ ತಳ ಕೊಯ್ದು ಹೊಸ ಚುಕ್ಕೆಗಳ ಕೆಳಗೆ ಬೆಸೆದೆ. ಬ್ಯಾಟರಿಯ ಬಾಯೊಳಗೆ ಬೆಳಕು ಚಿಮ್ಮಿಸುವ, ಮಸುಕಾಗಿದ್ದ ಬೆಳ್ಳಿಯ ಬಟ್ಟಲನ್ನು ಅತ್ತೆಯೇ ಹತ್ತಿಗೆ ವಿಭೂತಿ ಹಚ್ಚಿ, ಗೀರು ಬೀಳದಂತೆ ಮೂರು ದಿನ ಉಜ್ಜಿ ಕನ್ನಡಿ ಮಾಡಿದಳು. ಎರಡನೇ ಸಲ ಗುಂಡಿ ಒತ್ತಿದಾಗ ಹಗಲಿನ ಅಡುಗೆಮನೆಯೇ ಒಂದು ಕ್ಷಣ ಬೆಳ್ಳಗಾಗಿ ಏನೂ ಕಾಣದಂತಾಯಿತು. ಕಿಟಕಿಗೆ ಕಂಬಳಿ ಹೊದಿಸಿ, ಕತ್ತಲಲ್ಲೇ ಒಡೆದ ಬಿಳಿಕಲ್ಲಿನ ತುಂಡಿನ ಮೇಲೆ ಅತ್ತೆಯ ಬಳೆ ಇಟ್ಟು ಬೆಳಗಿ ನೋಡಿದೆವು. ಬಳೆ ತೆಗೆದು ಇನ್ನೊಮ್ಮೆ ಬೆಳಗಿದಾಗ ಕಲ್ಲಿನಲ್ಲಿ ನೀಲಿ ಬಳೆ ಹೊಳೆಯಿತು. ಒಮ್ಮೆ ಬೆಳಗಿದರೆ ಮತ್ತೆ ತುಂಬಿಕೊಳ್ಳಲು ಅದಕ್ಕೆ ಆರು ನಿಮಿಷ ಬೇಕಿತ್ತು. ತುಂಬುವಾಗ ಸೊಳ್ಳೆಯಂತೆ ಸಣ್ಣಗೆ ಗುಂಯ್ ಎನ್ನುತ್ತಿತ್ತು.

ನಾನೊಬ್ಬಳೇ ನೋಡಿದರೆ ನಂಬುವವರಿಲ್ಲ ಎಂದು ತಬಸ್ಸುಮ್ ಮೇಡಂ ಮೊದಲೇ ಎಚ್ಚರಿಸಿದ್ದರು. ಸಿಡಿಮದ್ದಿರುವ ಜಾಗಕ್ಕೆ ಮೊಬೈಲು, ಕ್ಯಾಮೆರಾ ಒಯ್ಯುವ ಹಾಗಿಲ್ಲ. ಒಯ್ಯಲು ಪರವಾನಗಿ ಬೇಕೆಂದರೆ ಅದಕ್ಕೆ ಸಹಿ ಹಾಕುವವನು ಗೌಡನೇ. ಹಾಗಾಗಿ ಉದ್ಘಾಟನೆಯ ದಿನ ಎಲ್ಲರ ಕಣ್ಣೆದುರು ಮಾಡಬೇಕಿತ್ತು. ಸಪ್ತಾಹದಲ್ಲಿ ಹಳೆಯ ಸಾಮಾನಿನಿಂದ ಹೊಸ ಉಪಕರಣ ಮಾಡುವ ಸ್ಪರ್ಧೆಯೊಂದಿತ್ತು. 'ತುರ್ತು ಸಂದರ್ಭಕ್ಕೆ ಪ್ರಖರ ದೀಪ' ಎಂದು ಬರೆದು ಅರ್ಜಿ ಒಯ್ದು ಗೌಡನ ಮೇಜಿನ ಮೇಲಿಟ್ಟೆ.

"ಭೇಷ್ ಹುಲಿಗೆಮ್ಮ. ಹೆಣ್ಮಕ್ಕಳು ಹಿಂಗ ಮುಂದ ಬರಬೇಕು" ಎಂದು ಸಹಿ ಹಾಕಿದ. "ಉದ್ಘಾಟನಾ ದಿನ ಹದಿನಾಲ್ಕರಾಗ ತೋರ್ಸು. ಸಾಹೇಬ್ರೂ ನೋಡ್ತಾರ."

"ನೀವೂ ಇರಬೇಕ್ರಿ ಗೌಡ್ರ" ಎಂದೆ.

"ನಾ ಇಲ್ದ ಹೆಂಗ ನಡೀತೈತಿ?" ಎಂದು ನಕ್ಕ.

ಆ ದಿನ ಬೆಳಿಗ್ಗೆ ಹತ್ತು ಗಂಟೆಗೆ ಒಂಬತ್ತು ಜನ ಕೇಜಿನಲ್ಲಿ, ಅಂದರೆ ಗಣಿಯ ಲಿಫ್ಟಿನಲ್ಲಿ, ಕೆಳಗಿಳಿದೆವು. ಮ್ಯಾನೇಜರ್ ಸಾಹೇಬರು, ಗೌಡ, ಯೂನಿಯನ್ನಿನ ಮೌನೇಶಪ್ಪ, ತಬಸ್ಸುಮ್ ಮೇಡಂ, ನಾಲ್ವರು ಹಳೆಯ ಕೆಲಸಗಾರರು ಮತ್ತು ನಾನು. ಹೆಂಗಸರಿಗೆ ಹಗಲು ಪಾಳಿಯಲ್ಲಿ ಇಳಿಯಲು ಅವಕಾಶ ಬಂದು ಬಹಳ ದಿನವಾಗಿರಲಿಲ್ಲ. ದುರ್ಗಪ್ಪ ನಡೆದ ದಾರಿಯಲ್ಲಿ ನಾನು ನಡೆದದ್ದು ಅದೇ ಮೊದಲು. ಒಡೆದ ಇಟ್ಟಿಗೆ ಗೋಡೆ ದಾಟಿದರೆ ಹಳೆಯ ಗಾಳಿ, ಅಡ್ಡ ಸುರಂಗದ ಕಪ್ಪು ಬಾಯಿ, ಅದರ ಎರಡು ಮಗ್ಗುಲಲ್ಲಿ ತುಕ್ಕು ಹಿಡಿದ ಎರಡು ಕೊಂಡಿ. ಎದುರಿಗೆ ಬಿಳಿಗೋಡೆ. ಸಾಹೇಬರು ರಿಬ್ಬನ್ ಕತ್ತರಿಸಿದರು, ಚಪ್ಪಾಳೆಯಾಯಿತು.

"ಎಲ್ಲಾರೂ ಲ್ಯಾಂಪು ಆರಿಸ್ರಿ" ಎಂದೆ. ಒಂದೊಂದಾಗಿ ಆರಿದವು. ನಾನು ಅಡ್ಡ ಸುರಂಗದ ಬಾಯಿಯಲ್ಲಿ ನಿಂತು ಬ್ಯಾಟರಿಯನ್ನು ಗೋಡೆಗೆ ಗುರಿಯಿಟ್ಟೆ.

ಆಗ ಸುಮ್ಮನೆ ಗುಂಡಿ ಒತ್ತಿದ್ದರೆ ಆಗುತ್ತಿತ್ತು. ಹನ್ನೊಂದು ವರ್ಷದ ಸಿಟ್ಟು ಸುಮ್ಮನಿರಗೊಡಲಿಲ್ಲ. ಏನು ನೋಡಲಿದ್ದಾನೆಂದು ಅವನಿಗೆ ಮೊದಲೇ ಗೊತ್ತಾಗಲಿ, ಅವನ ಎದೆ ಒಡೆಯಲಿ ಎಂಬ ಆಸೆ.

"ಇದು ದುರ್ಗಪ್ಪನ ಬ್ಯಾಟರಿ. ಅವತ್ತು ಸಿಡಿದ ಬೆಳಕಿಗೆ ಇಲ್ಲಿ ಏನು ಅಡ್ಡ ಇತ್ತೋ ಅದರ ನೆರಳು ಈ ಗೋಡಿಯೊಳಗ ಐತಿ. ಈಗ ಎಲ್ಲಾರೂ ನೋಡ್ರಿ" ಎಂದೆ.

ಗಣಿಯಲ್ಲಿ ಒಂದು ಪದ್ಧತಿಯಿದೆ. ಕೆಳಗೆ ಯಾರಾದರೂ ಬಿಡಬಾರದ ಬೆಳಕು ಬಿಟ್ಟರೆ, ನಡೆಯಬಾರದ ಕೆಲಸ ನಡೆದರೆ, ಫೋರ್‌ಮನ್ ಆದವನು ಆ ಬೆಳಕಿಗೆ ಅಡ್ಡವಾಗಿ ಎರಡೂ ಕೈ ಚಾಚಿ ನಿಲ್ಲಬೇಕು. ನಿಲ್ಲಿಸು ಎಂದು ಅದರರ್ಥ. ಕೂಗಿದರೆ ಯಂತ್ರಗಳ ಸದ್ದಿನಲ್ಲಿ ಕೇಳುವುದಿಲ್ಲ, ಅದಕ್ಕೆ. ಮೂವತ್ತು ವರ್ಷದಿಂದ ಗೌಡನ ಮೈಗೆ ಹತ್ತಿದ ಅಭ್ಯಾಸ ಅದು. ಕತ್ತಲಲ್ಲಿ ಬೂಟಿನ ಸದ್ದಾಯಿತು. ನಾನು ಗುಂಡಿ ಒತ್ತಿದೆ. ಬೆಳಕು ಸಿಡಿದ ಆ ಕ್ಷಣದಲ್ಲಿ ಕಂಡದ್ದು ಗೋಡೆಗೆ ಬೆನ್ನು ಹಚ್ಚಿ, ಎರಡೂ ಕೈ ಚಾಚಿ, ಕಣ್ಣು ಮುಚ್ಚಿ ನಿಂತ ಅಮರೇಗೌಡ.

ಬೆಳಕು ಆರಿತು. ನನ್ನ ಬಲಕ್ಕೆ, ಅವನ ಚಾಚಿದ ಕೈಯ ಆಚೆ, ಗೋಡೆಯ ತುದಿಯಲ್ಲಿ ಒಂದು ಕೊಂಡಿ ನೀಲಿಯಾಗಿ ಹೊಳೆಯಿತು. ಕೊಂಡಿಯಿಂದ ನಾಲ್ಕು ಸರಪಳಿ ಉಂಗುರ ಇಳಿದು ಅವನ ಮೈಯ ಕಪ್ಪಿನಲ್ಲಿ ಮುಳುಗಿದ್ದವು. ಅಷ್ಟೇ. ಹತ್ತು ಎಣಿಸುವಷ್ಟರಲ್ಲಿ ಅದೂ ಇಲ್ಲ.

ಗೌಡ ಹಿಂತಿರುಗಿ ಅದನ್ನು ನೋಡಿದ್ದ. ಗೋಡೆ ಬಿಟ್ಟು ಸಾಹೇಬರ ಬಳಿ ಬಂದ ಅವನ ದನಿಯಲ್ಲಿ ಗೆಲುವಿತ್ತು.

"ನೋಡಿದ್ರಿಲ್ಲ ಸಾಹೇಬ್ರ? ಸರಪಳಿ ಇತ್ತು. ನಾನ ಕೈಯಾರೆ ಎರಡೂ ಕೊಂಡಿಗೆ ಬಿಗಿದಿದ್ದೆ. ಹನ್ನೊಂದು ವರ್ಷದಿಂದ ಇದನ್ನ ಹೇಳ್ಕೋತ ಬಂದೀನಿ. ಪಾಪ, ಈ ತಂಗಿಗೆ ಸಂಕಟ ಐತಿ, ನನಗ ಸಿಟ್ಟಿಲ್ಲ. ಲ್ಯಾಂಪು ಹಚ್ರಿ, ಹೋಗೂಣು."

ಒಂದೇ ಸಲ ಓದಬಹುದಾದದ್ದನ್ನು ಓದಿ ಮುಗಿಸಿದ್ದೆ. ಅದು ಅವನ ಪರವಾಗಿ ಸಾಕ್ಷಿ ಹೇಳಿತ್ತು. ಅತ್ತೆಗೆ ಹೋಗಿ ಏನು ಹೇಳಲಿ ಎಂಬುದೊಂದೇ ತಲೆಯಲ್ಲಿ ತಿರುಗುತ್ತಿತ್ತು. ಆಗ ತಬಸ್ಸುಮ್ ಮೇಡಂ ನನ್ನ ತೋಳು ಹಿಡಿದರು. ಅವರು ತಮ್ಮ ಅಂಗೈಯನ್ನು ನನ್ನ ಅಂಗೈಗೆ ಒತ್ತಿದರು. ಕಲ್ಲಿನ ಮೇಲೆ ಹೊಳೆದ ಐದು ಬೆರಳು ನೆನಪಾಯಿತು. ಕೈ ಅಡ್ಡ ಇದ್ದಲ್ಲಿ ಉಳಿದಿರುತ್ತದೆ.

"ಯಾರೂ ಲ್ಯಾಂಪು ಹಚ್ಚಬ್ಯಾಡ್ರಿ" ಎಂದು ಕೂಗಿದೆ. "ಗೌಡ್ರು ಅಡ್ಡ ನಿಂತಲ್ಲಿ ಗೋಡಿಗೆ ಬೆಳಕ ಬಿದ್ದಿಲ್ಲ. ಅಲ್ಲೇನೈತೋ ಹಂಗ ಐತಿ. ಆರು ನಿಮಿಷ ತಡೀರಿ."

ಬ್ಯಾಟರಿ ಗುಂಯ್ ಎನ್ನತೊಡಗಿತು.

"ಹುಚ್ಚು ಹಿಡದೈತಿ ಇಕಿಗೆ. ಹಚ್ರೋ ಲ್ಯಾಂಪು" ಎಂದ ಗೌಡ. ಯಾರೂ ಹಚ್ಚಲಿಲ್ಲ. ಅವನ ಕೈ ಅವನ ಟೋಪಿಗೆ ಹೋದ ಸದ್ದು ಕೇಳಿಸಿತು. ಮೌನೇಶಪ್ಪ ಆ ಕೈಯನ್ನು ಹಿಡಿದುಕೊಂಡಿರಬೇಕು. "ತಡೀರಿ ಗೌಡ್ರ. ಹನ್ನೊಂದು ವರ್ಷ ತಡದೀವಿ, ಆರು ನಿಮಿಷಕ್ಕೇನು" ಎಂದದ್ದು ಅವನೇ.

ಆ ಕತ್ತಲಲ್ಲಿ ಗೌಡ ಮೊದಲು ಬೈದ. ಆಮೇಲೆ ಸಾಹೇಬರಿಗೆ ನಿಯಮ ಹೇಳಿದ. ಆಮೇಲೆ ನನ್ನ ನೌಕರಿಯ ಮಾತು ತೆಗೆದ. ನಾಲ್ಕನೇ ನಿಮಿಷಕ್ಕೆ ದನಿ ಇಳಿಸಿ, "ತಂಗಿ, ಹೋದವ ಹೋದ. ಈಗ ಏನು ಬಂತು?" ಎಂದ. ಐದನೆಯ ನಿಮಿಷದಲ್ಲಿ ಅವನ ಉಸಿರಾಟ ಮಾತ್ರ ಕೇಳುತ್ತಿತ್ತು. ಆ ಉಸಿರನ್ನು ನಾನು ಆಸೆಯಿಂದ ಕೇಳಿದೆ. ಅದಕ್ಕೆ ನನಗೆ ಈಗಲೂ ನಾಚಿಕೆಯಿಲ್ಲ.

ಗುಂಯ್ ಎನ್ನುವುದು ನಿಂತಿತು. ಗುಂಡಿ ಒತ್ತಿದೆ.

ಗೋಡೆಯ ಮೇಲೆ ಕೈ ಚಾಚಿದ ದೊಡ್ಡ ಮೈಯೊಂದರ ಅಂಚು ಕಂಡೂ ಕಾಣದ ಹಾಗೆ ಮಿನುಗಿತು. ಆ ಅಂಚಿನ ಒಳಗೆ, ಗೌಡನ ಹೊಟ್ಟೆಯಲ್ಲೇ ನಿಂತ ಹಾಗೆ, ಒಬ್ಬ ತೆಳ್ಳನೆಯ ಮನುಷ್ಯ ಹೊಳೆದ. ಅವನ ಸೊಂಟದಿಂದ ಹಗ್ಗದಲ್ಲಿ ಉದ್ದನೆಯ ಐದು ಸೆಲ್ಲಿನ ಬ್ಯಾಟರಿ ಇಳಿಬಿದ್ದಿತ್ತು. ಎರಡೂ ಕೈ ನನ್ನ ಎಡಕ್ಕಿದ್ದ ಇನ್ನೊಂದು ಕೊಂಡಿಯ ಕಡೆಗೆ ಎತ್ತಿದ್ದವು. ಆ ಕೊಂಡಿ ಬರಿದಾಗಿತ್ತು. ಸರಪಳಿಯ ತುದಿ ಅವನ ಕೈಯಲ್ಲಿತ್ತು.

ಯಾರೋ ಒಬ್ಬ ಹಳೆಯ ಕೆಲಸಗಾರ, "ದುರ್ಗ್ಯಾ" ಎಂದ. ನಾನು ಎಣಿಸಲಿಲ್ಲ. ನೀಲಿ ಬೆಳಕು ಬೆರಳುಗಳಿಂದ ಮೊದಲು ಆರಿತು, ಬ್ಯಾಟರಿಯಿಂದ ಕೊನೆಗೆ ಆರಿತು.

ಕತ್ತಲಲ್ಲಿ ಮೌನೇಶಪ್ಪನ ದನಿ ಬಂತು. "ಗೌಡ್ರ, ಒಂದು ತುದಿ ಕೊಂಡಿಗೆ ಐತಿ, ಇನ್ನೊಂದು ಅವನ ಕೈಯಾಗ ಐತಿ. ಎರಡೂ ಕೊಂಡಿಗೆ ನೀವು ಬಿಗಿದ ಸರಪಳಿ ಯಾವುದ್ರಿ ಅದು?"

ಸಾಹೇಬರು ಲ್ಯಾಂಪು ಹಚ್ಚಿ ಎರಡು ಸಲ ಅದನ್ನೇ ಕೇಳಿದ ಮೇಲೆ ಗೌಡ ಬಾಯಿಬಿಟ್ಟ. ಪಾಳಿ ಮುಗಿಯುತ್ತಿತ್ತು, ಕೇಜು ತಪ್ಪುತ್ತದೆಂದು ನೋಡಲು ಬರದೆ ದೂರದಿಂದಲೇ ಕೀಲಿ ತಿರುಗಿಸಿದ್ದ. ಸರಪಳಿ ನೆಲದಲ್ಲಿ ಬಿದ್ದಿದ್ದು ಕಂಡು, ಯಾರಾದರೂ ಒಳಗೆ ಹೋದಾರು ಎಂದು ದುರ್ಗಪ್ಪ ತಾನೇ ಬಿಗಿಯಲು ನಿಂತಿದ್ದ. ಇಂದು ತನ್ನ ಮಾನ ಉಳಿಸಿಕೊಳ್ಳಲು ಬೆಳಕಿಗೆ ಅಡ್ಡ ನಿಂತವನು ಅಂದು ಒಬ್ಬನ ಜೀವ ಉಳಿಸಲು ಹತ್ತು ಹೆಜ್ಜೆ ಬಂದು ನೋಡಿರಲಿಲ್ಲ.

ಅವನು ಹೇಳುತ್ತಿದ್ದಷ್ಟು ಹೊತ್ತೂ ನನ್ನ ಹೆಬ್ಬೆರಳು ಬ್ಯಾಟರಿಯನ್ನು ಮತ್ತೆ ತುಂಬಿಸುತ್ತಿತ್ತು. ಗೋಡೆಯದು ಮುಗಿದ ಮೇಲೆ ಇನ್ನೊಂದು ಅವನ ಕಣ್ಣಿಗೆ ಎಂದು ನಾನು ಮನೆಯಲ್ಲೇ ಎಣಿಸಿಕೊಂಡು ಬಂದಿದ್ದೆ. ಒಂದು ಗೇಣು ದೂರದಿಂದ ಬಿಟ್ಟರೆ ಅವನು ಮತ್ತೆ ಬೆಳಗು ಕಾಣುತ್ತಿರಲಿಲ್ಲ. ಗುಂಯ್ ನಿಂತಾಗ ಅವನಿಗೂ ಅರ್ಥವಾಯಿತು. "ಬ್ಯಾಡ ತಂಗಿ" ಎಂದು ಮುಖ ಮುಚ್ಚಿಕೊಂಡ. ನಾನು ಗುಂಡಿ ಒತ್ತಲಿಲ್ಲ. ಕರುಣೆ ಬಂತೆಂದು ತಿಳಿಯಬೇಡಿ. ನಾಳೆಯಿಂದ ಜನ ಅವನನ್ನು ನೋಡುವ ನೋಟ ಅವನಿಗೆ ಚೆನ್ನಾಗಿ ಕಾಣಬೇಕಿತ್ತು.

ಮನೆಗೆ ಬಂದು ಅತ್ತೆಗೆ ಒಂದೂ ಬಿಡದೆ ಹೇಳಿದೆ. ಅವಳು ಗೌಡನ ಉಸಿರಿನ ಭಾಗವನ್ನು ಎರಡು ಸಲ ಹೇಳಿಸಿಕೊಂಡಳು. ಸುದ್ದಿ ನಮಗಿಂತ ಮೊದಲೇ ಸಾಲಿಗೆ ಬಂದಿತ್ತು. ಸಂಜೆ ಮೂರನೇ ಮನೆಯ ಶಾಂತವೀರಮ್ಮ ಬಟ್ಟಲು ಹಿಡಿದು ಬಂದು, "ಅಂಬಮ್ಮತ್ತಿ, ಒಂದೀಟು ಹೆಪ್ಪು" ಎಂದಳು.

"ಹನ್ನೊಂದು ವರ್ಷ ನಿಮ್ಮನಿ ಹಾಲು ಹೆಂಗ ಹೆಪ್ಪಾತೋ ಇವತ್ತೂ ಹಂಗ ಆಗ್ಲಿ" ಎಂದು ಅತ್ತೆ ಬಾಗಿಲು ಹಾಕಿದಳು. ಒಳಗೆ ಬಂದು ಆಮೇಲೆ ಅತ್ತಳು.

ಮರುದಿನ ಬೆಳಿಗ್ಗೆ ಆರಕ್ಕೆ ನಾನು ಕಿಟಕಿಯಲ್ಲಿದ್ದೆ. ವಿಚಾರಣೆಯ ಕಾಗದ ಇನ್ನೂ ಕಚೇರಿಯಲ್ಲೇ ಇತ್ತು, ಗೌಡನನ್ನು ಕೆಲಸದಿಂದ ತೆಗೆದ ಆದೇಶ ಬಂದಿರಲಿಲ್ಲ. ಅವನು ಬಂದ. ಏನೂ ಆಗಿಲ್ಲವೆಂಬಂತೆ ಬಂದುಬಿಟ್ಟರೆ ಏನೂ ಆಗಿಲ್ಲವೆಂದಾಗುತ್ತದೆ ಎಂದು ಅವನೆಣಿಕೆ. ಬಿಲ್ಲೆ ಚಾಚಿದ. ನಾನು ಅವನ ಲ್ಯಾಂಪನ್ನು ದಿನಕ್ಕಿಂತ ಹೆಚ್ಚು ಒರೆಸಿ, ಹಚ್ಚಿಯೇ ಕೊಟ್ಟೆ.

"ಹೋಗಿ ಬರ್ರಿ ಗೌಡ್ರ" ಎಂದೆ.

ಅವನು ಕೇಜಿನೊಳಗೆ ಹೋಗಿ ನಿಂತ. ನಮ್ಮಲ್ಲಿ ಒಬ್ಬನೇ ಕೆಳಗಿಳಿಯುವ ಹಾಗಿಲ್ಲ. ಜೊತೆಗೆ ಇನ್ನೊಬ್ಬನಾದರೂ ಇರದಿದ್ದರೆ ಕೇಜು ಇಳಿಸಲು ಗಂಟೆ ಬಾರಿಸುವವನು ಬಾರಿಸುವುದಿಲ್ಲ. ಆ ನಿಯಮ ಬರೆದು ಗೋಡೆಗೆ ಅಂಟಿಸಿದವನೇ ಗೌಡ. ಹೊರಗೆ ಅರವತ್ತು ಜನ ಲ್ಯಾಂಪು ಕಟ್ಟಿಕೊಂಡು ಸಾಲಾಗಿ ನಿಂತಿದ್ದರು. ಒಬ್ಬನೂ ಹೆಜ್ಜೆ ಎತ್ತಲಿಲ್ಲ. ಅವರ ಲ್ಯಾಂಪುಗಳೆಲ್ಲ ಅವನ ಮುಖದ ಮೇಲಿದ್ದವು.

ಗೋಡೆಯ ಗಡಿಯಾರದಲ್ಲಿ ನಾನು ನೋಡುತ್ತಿದ್ದೆ. ಸರಿಯಾಗಿ ಆರು ನಿಮಿಷ ನಿಂತ. ಆಮೇಲೆ ಹೊರಗೆ ಬಂದು, ನನ್ನ ಕಿಟಕಿಗೆ ಬಂದು ಲ್ಯಾಂಪು ಇಟ್ಟ. ನಾನು ಅವನ ಬಿಲ್ಲೆ ಅವನಿಗೆ ಕೊಟ್ಟೆ. ಆಮೇಲೆ ಇನ್ನೂರ ಹದಿನಾಲ್ಕನೇ ಕೊಕ್ಕೆಯಿಂದ ದುರ್ಗಪ್ಪನ ಬಿಲ್ಲೆ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡೆ.